ಹಾರ್ಪ್ಸಿಕಾರ್ಡ್ ಪಿಯಾನೊದ ಮೂಗಿ ಅಜ್ಜಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಯುರೋಪಿನ ಕೀಲಿಮಣೆ ವಾದ್ಯಗಳನ್ನು ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಇಡೀ ಪುಟ ಕೊಟ್ಟಿತಲ್ಲ ಎಂಬ ಸಂತೋಷದಿಂದ ಮೊದಲ ಸಲ, ಅದರಲ್ಲಿ ಪಿಯಾನೊಗಿಂತ ಹಳೆಯದಾದ, ತಂತಿಗಳನ್ನು ಮೀಟಿ ನುಡಿಯುವ ಹಾರ್ಪ್ಸಿಕಾರ್ಡ್ ಬಗ್ಗೆ ಆಡಿರುವ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡದ್ದರಿಂದ ಎರಡನೆಯ ಸಲ. ಲೇಖಕರು ಹಾರ್ಪ್ಸಿಕಾರ್ಡನ್ನು ಪಿಯಾನೊದ ‘ಮೂಗಿ ಅಜ್ಜಿ’ ಎಂದು ಕರೆದಿದ್ದಾರೆ. ಕೀಲಿಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದರಿಂದ ಹೊರಡುವುದು ಒಂದೇ ಗಾತ್ರದ ದನಿಯಾದ್ದರಿಂದ 18ನೇ ಶತಮಾನದ ಫ್ರೆಂಚ್ ಸಂಗೀತಗಾರರು ಆ ಬಡತನವನ್ನು ಮುಚ್ಚಲು ಸ್ವರಸ್ವರಕ್ಕೂ ಅಲಂಕಾರಗಳ ಕಸೂತಿ ಹಾಕಿದರೆಂದೂ, ಮುಂದೆ ಬಂದ ಪಿಯಾನೊ ವಾದಕರು ಆ ಕಸೂತಿಯನ್ನು ಬಿಚ್ಚಿ ಒಳಗಿನ ಸಂಗೀತವನ್ನು ಉಳಿಸಿಕೊಟ್ಟರೆಂದೂ ತೀರ್ಪು ಕೊಟ್ಟಿದ್ದಾರೆ. ದನಿಯ ಗಾತ್ರದ ಮಾತು ನಿಜ. ಅದರಿಂದ ಅವರು ಎಳೆದ ತೀರ್ಮಾನ ಮಾತ್ರ ಪೂರ್ತಿ ತಲೆಕೆಳಗಾಗಿದೆ ಎಂಬುದನ್ನು ಹೇಳಲು ಈ ಪತ್ರ. ತುಸು ದೀರ್ಘವಾದರೆ ಕ್ಷಮೆಯಿರಲಿ.

ನಾನು ಸಂಗೀತಗಾರನಲ್ಲ. ಉದ್ಯೋಗದ ನಿಮಿತ್ತ ಪ್ಯಾರಿಸ್ಸಿನಲ್ಲಿದ್ದ ವರ್ಷಗಳಲ್ಲಿ, ನಾವಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ ವಾಸವಾಗಿದ್ದ ಹಾರ್ಪ್ಸಿಕಾರ್ಡ್ ವಾದಕಿಯೊಬ್ಬರಿಗೆ ಪುಟ ತಿರುವಿಕೊಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಸ್ವರಲಿಪಿ ಓದಲು ಕಲಿತದ್ದೂ ಆ ನೆಪದಲ್ಲಿಯೇ. ಪುಟ ತಿರುವುವವನಿಗೆ ಒಂದು ಅನುಕೂಲವಿದೆ: ಸಭಿಕರಿಗೆ ಕಾಣದ ವಾದ್ಯದ ಹೊಟ್ಟೆ ಅವನಿಗೆ ಕಾಣುತ್ತದೆ. ಪ್ರತಿಯೊಂದು ಕೀಲಿಯ ಹಿಂತುದಿಯ ಮೇಲೂ ತೆಳ್ಳನೆಯ ಮರದ ಪಟ್ಟಿಗಳು ನೆಟ್ಟಗೆ ನಿಂತಿರುತ್ತವೆ. ಅವಕ್ಕೆ ಜ್ಯಾಕ್ ಎನ್ನುತ್ತಾರೆ. ಜ್ಯಾಕಿನ ಮೇಲ್ತುದಿಯಲ್ಲಿರುವ ಪುಟ್ಟ ನಾಲಗೆಗೆ ಗರಿಯ ಚೂರೊಂದನ್ನು ಸಿಕ್ಕಿಸಿರುತ್ತಾರೆ. ಹಿಂದೆ ಅದು ಕಾಗೆಯ ಜಾತಿಯ ಹಕ್ಕಿಗಳ ಗರಿ, ಈಗ ಹೆಚ್ಚಾಗಿ ಡೆಲ್ರಿನ್ ಎಂಬ ಪ್ಲಾಸ್ಟಿಕ್. ಕೀಲಿ ಒತ್ತಿದಾಗ ಜ್ಯಾಕ್ ಮೇಲೇಳುತ್ತದೆ, ಗರಿ ತಂತಿಯ ಅಡಿಗೆ ತಾಗಿ ಒಂದು ಕ್ಷಣ ಬಾಗುತ್ತದೆ, ಆಮೇಲೆ ತಂತಿಯನ್ನು ಮೀಟಿ ಮೇಲಕ್ಕೆ ಜಾರುತ್ತದೆ. ಕೀಲಿ ಬಿಟ್ಟಾಗ ನಾಲಗೆ ಹಿಂದಕ್ಕೆ ಮಣಿದು ಗರಿಯನ್ನು ಕೆಳಗಿಳಿಸುತ್ತದೆ, ಜ್ಯಾಕಿನ ಪಕ್ಕದ ಉಣ್ಣೆಬಟ್ಟೆಯ ತುಣುಕು ತಂತಿಯ ಮೇಲೆ ಕುಳಿತು ದನಿಯನ್ನು ನಿಲ್ಲಿಸುತ್ತದೆ. ಒಂದು ಸಂಜೆ ಒಂದೇ ಒಂದು ಸ್ವರ ತನ್ನ ನೆರೆಯ ಸ್ವರಗಳಿಗಿಂತ ಕೊಂಚ ಗಟ್ಟಿಯಾಗಿ ಕೇಳುತ್ತಿದೆ ಎಂದು ಆಕೆಗೆ ಅನ್ನಿಸಿತು. ನನ್ನ ಕಿವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಆಕೆ ಆ ಜ್ಯಾಕನ್ನು ಹೊರಗೆಳೆದು, ಗರಿಯ ಅಡಿಭಾಗವನ್ನು ಶಸ್ತ್ರವೈದ್ಯರ ಚಾಕುವಿನಂಥ ಅಲಗಿನಿಂದ ಕೂದಲೆಳೆಯಷ್ಟು ಹೆರೆದು, ಮತ್ತೆ ಸಿಕ್ಕಿಸಿ ನುಡಿಸಿ ಕೇಳಿದರು. ಹೀಗೆ ನಾಲ್ಕು ಬಾರಿಯಾದ ಮೇಲೆ ಸಮಾಧಾನವಾಯಿತು. ಐದು ಸಪ್ತಕಗಳ, ಎರಡು ಕೀಲಿಮಣೆಗಳ ಫ್ರೆಂಚ್ ವಾದ್ಯದಲ್ಲಿ ಅಂಥ ಗರಿಗಳು 183. ‘ಒಂದೇ ಗಾತ್ರದ ದನಿ’ ಎಂದು ಹಗುರವಾಗಿ ಬರೆಯುವವರು ಆ ಒಂದೇ ಗಾತ್ರವನ್ನು ಸಾಧಿಸುವುದಕ್ಕೆ ಪಡುವ ಪಾಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಗರಿ ತಂತಿಗೆ ತಾಗುವ ಆ ಕ್ಷಣ ಬೆರಳಿಗೆ ಗೊತ್ತಾಗುತ್ತದೆ. ಹಾಗಾಗಿ ವಾದಕನ ಕೈಯಲ್ಲಿ ಜೋರು-ಮೆಲು ಇಲ್ಲದಿದ್ದರೂ ಸ್ವರ ಯಾವಾಗ ಹುಟ್ಟಬೇಕು, ಎಷ್ಟು ಹೊತ್ತು ಬಾಳಬೇಕು, ಯಾವಾಗ ಕಣ್ಮುಚ್ಚಬೇಕು, ಮುಂದಿನ ಸ್ವರದ ಮೇಲೆ ಎಷ್ಟು ಹೊತ್ತು ಒರಗಿರಬೇಕು ಎಂಬುದೆಲ್ಲ ಪೂರ್ತಿ ಅವನ ಅಧೀನ. ಫ್ರೆಂಚ್ ಪರಂಪರೆ ತನ್ನ ಬಂಡವಾಳವನ್ನೆಲ್ಲ ಹೂಡಿದ್ದು ಇಲ್ಲಿ. ಫ್ರಾನ್ಸ್ವಾ ಕೂಪೆರಾಂ (1668–1733) ಈ ಪರಂಪರೆಯ ದೊಡ್ಡ ಹೆಸರು. ಪ್ಯಾರಿಸ್ಸಿನ ಸೇಂಟ್ ಝೆರ್ವೆ ಇಗರ್ಜಿಯ ಆರ್ಗನ್ ವಾದಕನಾಗಿದ್ದು ರಾಜಮನೆತನದ ಮಕ್ಕಳಿಗೂ ಪಾಠ ಹೇಳಿದ ಆತ 1713ರಿಂದ 1730ರವರೆಗೆ ನಾಲ್ಕು ಸಂಪುಟಗಳಲ್ಲಿ 220ಕ್ಕೂ ಹೆಚ್ಚು ರಚನೆಗಳನ್ನು ಅಚ್ಚು ಹಾಕಿಸಿದ. ಹಾರ್ಪ್ಸಿಕಾರ್ಡಿನ ಸ್ವರವನ್ನು ಉಬ್ಬಿಸಲೂ ಆಗದು, ಕುಗ್ಗಿಸಲೂ ಆಗದು ಎಂಬುದನ್ನು ನಮ್ಮ ಲೇಖಕರಿಗಿಂತ ಮುನ್ನೂರು ವರ್ಷ ಮೊದಲೇ ಸ್ಪಷ್ಟವಾಗಿ ಬರೆದವನು ಅವನೇ. 1716ರಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವ ಕಲೆಯ ಬಗ್ಗೆ ಹೊರತಂದ ಸಣ್ಣ ಪುಸ್ತಕದಲ್ಲಿ, ಇಂಥ ವಾದ್ಯಕ್ಕೆ ಜೀವ ತುಂಬಬಹುದೆಂಬ ಮಾತನ್ನು ಜನ ನಂಬುವುದೇ ಕಷ್ಟ ಎಂದು ಒಪ್ಪಿಕೊಂಡು, ಅದಕ್ಕೆ ತಾನು ಕಂಡುಕೊಂಡ ಎರಡು ಉಪಾಯಗಳನ್ನು ಹೇಳುತ್ತಾನೆ. ಒಂದು, ಸ್ವರವನ್ನು ಅದರ ಅವಧಿ ಮುಗಿಯುವ ಮುನ್ನವೇ ಬಿಟ್ಟುಬಿಡುವುದು. ಇನ್ನೊಂದು, ಬರಬೇಕಾದ ಸ್ವರವನ್ನು ಕ್ಷಣಕಾಲ ತಡೆದು ಆಮೇಲೆ ನುಡಿಸುವುದು. ಪಿಟೀಲು ವಾದಕ ದನಿಯನ್ನು ಉಬ್ಬಿಸುವ ಜಾಗದಲ್ಲಿ ಹಾರ್ಪ್ಸಿಕಾರ್ಡ್ ವಾದಕ ತಡಮಾಡಿ ಬಂದರೆ ಕಿವಿಗೆ ಅದೇ ಪರಿಣಾಮ ಒದಗುತ್ತದೆ ಎಂಬುದು ಅವನ ವಾದ. ಒಳ್ಳೆಯ ವಾದಕರ ಕೈಯಲ್ಲಿ ಇದನ್ನು ಕೇಳಿದವರಿಗೆ ಇದು ಬರಿಯ ಜಾಣ್ಮೆಯ ಮಾತಲ್ಲ ಎಂದು ಗೊತ್ತು: ಕಿವಿ ಕಾಯುತ್ತಿದ್ದ ಸ್ವರ ಅರೆಕ್ಷಣ ತಡವಾಗಿ ಬಂದಾಗ ಅದು ನಿಜಕ್ಕೂ ಮೆತ್ತಗೆ ಕೇಳುತ್ತದೆ.

ಈಗ ಕಸೂತಿಯ ವಿಷಯ. ದನಿ ಬೇಗ ಆರಿಹೋಗುವುದರಿಂದ ಅದನ್ನು ಜೀವಂತವಾಗಿಡಲು ಪಕ್ಕದ ಎರಡು ಸ್ವರಗಳ ನಡುವೆ ಬೇಗಬೇಗ ತೂಗುವ ಕಂಪನಗಳನ್ನು ಹಾಕುತ್ತಿದ್ದರು ಎಂಬ ಮಾತು ಅಷ್ಟಿಷ್ಟು ನಿಜವಿರಬಹುದು. ಆದರೆ ಕೂಪೆರಾಂ ಸ್ವರಲಿಪಿಯಲ್ಲಿ ಹಾಕಿದ ಅಲಂಕಾರದ ಚಿಹ್ನೆಗಳಲ್ಲಿ ಬಹುಪಾಲು ಆ ಕೆಲಸ ಮಾಡುವುದೇ ಇಲ್ಲ. ಪೋರ್ ದ ವ್ವಾ ಎಂಬ ಒಂದು ಅಲಂಕಾರವನ್ನು ತೆಗೆದುಕೊಳ್ಳಿ. ಮುಖ್ಯ ಸ್ವರ ಬರಬೇಕಾದ ತಾಳದ ಪೆಟ್ಟಿನ ಮೇಲೆಯೇ ಅದರ ಕೆಳಗಿನ ಸ್ವರ ಬಂದು ಕೂರುತ್ತದೆ. ಎಡಗೈಯ ಮಂದ್ರದೊಡನೆ ಅದಕ್ಕೆ ಹೊಂದಿಕೆಯಾಗದೆ ಒಂದು ಗಳಿಗೆ ತಿಕ್ಕಾಟವಾಗುತ್ತದೆ. ಆಮೇಲೆ ಅದು ಮುಖ್ಯ ಸ್ವರಕ್ಕೆ ಏರಿ ತಿಕ್ಕಾಟ ಕರಗುತ್ತದೆ. ಈ ಚಿಹ್ನೆಯನ್ನು ಕಿತ್ತು ಹಾಕಿದರೆ ಹೋಗುವುದು ಅಂಚಿನ ದಾರವಲ್ಲ. ತಿಕ್ಕಾಟವೂ ಹೋಯಿತು, ಅದು ಕರಗುವ ಸುಖವೂ ಹೋಯಿತು, ಉಳಿಯುವುದು ಸಪ್ಪೆಯಾದ ಸ್ವರಜೋಡಿ. ಗಮಕ ತೆಗೆದು ಬರಿಯ ಸ್ವರಸ್ಥಾನಗಳನ್ನು ಹಾಡಿದರೆ ರಾಗ ಉಳಿಯುವುದೇ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹಾಗಿರುವಾಗ ಕನ್ನಡದ ಓದುಗರಿಗೆ ಅಲಂಕಾರವೆಂದರೆ ಮೇಲುಹೊದಿಕೆ ಎಂದು ಹೇಳಿಕೊಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು.

ಕೂಪೆರಾಂಗೆ ಈ ವಿಷಯದಲ್ಲಿ ಎಷ್ಟು ಸಿಟ್ಟಿತ್ತೆಂದರೆ, ಮೊದಲ ಸಂಪುಟದಲ್ಲಿ ಅಲಂಕಾರದ ಚಿಹ್ನೆಗಳಿಗೆಲ್ಲ ಅರ್ಥ ಬಿಡಿಸಿ ಪಟ್ಟಿ ಕೊಟ್ಟದ್ದಲ್ಲದೆ, 1722ರ ಮೂರನೆಯ ಸಂಪುಟದ ಮುನ್ನುಡಿಯಲ್ಲಿ ವಾದಕರನ್ನು ನೇರವಾಗಿಯೇ ತರಾಟೆಗೆ ತೆಗೆದುಕೊಂಡ. ಇಷ್ಟು ಶ್ರಮಪಟ್ಟು ಗುರುತು ಹಾಕಿಕೊಟ್ಟ ಮೇಲೂ ಅವನ್ನು ಲೆಕ್ಕಿಸದೆ ನುಡಿಸುವವರನ್ನು ಕೇಳಿ ತನಗೆ ಆಶ್ಚರ್ಯವಾಗುತ್ತದೆಂದೂ, ಇದು ಕ್ಷಮಿಸಲಾಗದ ಉದಾಸೀನವೆಂದೂ, ತನ್ನ ರಚನೆಗಳಲ್ಲಿ ಬೇಕಾದ ಅಲಂಕಾರ ಹಾಕುವ ಬೇಡವಾದದ್ದನ್ನು ಬಿಡುವ ಸ್ವಾತಂತ್ರ್ಯ ಯಾರಿಗೂ ಇಲ್ಲವೆಂದೂ ಆತ ಬರೆದಿದ್ದಾನೆ. ಎಲ್ಲ ಫ್ರೆಂಚ್ ರಚನಕಾರರೂ ಇಷ್ಟು ಬಿಗಿಯಾಗಿರಲಿಲ್ಲ. ಆದರೆ ‘ಕಸೂತಿ ಬಿಚ್ಚಿದ’ವರನ್ನು ಹೊಗಳುವ ಮುನ್ನ ಬಟ್ಟೆ ನೇಯ್ದವನ ಈ ಮಾತನ್ನು ಒಂದು ಸಾಲಿನಲ್ಲಾದರೂ ಓದುಗರಿಗೆ ತಿಳಿಸಬೇಕಿತ್ತು.

ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಮೂರನೆಯ ಸಂಪುಟದಲ್ಲಿ ‘ಪ್ರೇಮದಲ್ಲಿರುವ ನೈಟಿಂಗೇಲ್’ ಎಂಬ ಪುಟ್ಟ ರಚನೆಯಿದೆ. ಅದರಲ್ಲಿ ಒಂದೆಡೆ, ಒಂದೇ ಸ್ವರದ ಮೇಲಿನ ಕಂಪನವನ್ನು ಗೊತ್ತಾಗದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತಾ ಹೋಗಬೇಕೆಂದು ಕೂಪೆರಾಂ ಸೂಚನೆ ಬರೆದಿದ್ದಾನೆ. ಮೊದಲು ಎರಡು ಸ್ವರಗಳ ನಡುವೆ ಸಾವಕಾಶವಾಗಿ ತೂಗಾಡುವ ಬೆರಳು, ಹಕ್ಕಿ ಗಂಟಲು ಬಿಚ್ಚಿದಂತೆ, ಎಲ್ಲಿ ವೇಗ ಹೆಚ್ಚಿತೆಂದು ಹೇಳಲಾಗದ ರೀತಿಯಲ್ಲಿ ಬಿರುಸಾಗಬೇಕು. ನಮ್ಮ ಮೇಲಿನ ಮಹಡಿಯ ವಾದಕಿ ಇದೊಂದೇ ತುಣುಕನ್ನು ವಾರಗಟ್ಟಲೆ ಸಾಧನೆ ಮಾಡುತ್ತಿದ್ದರು. ಕೆಳಗಿನ ಮನೆಯಲ್ಲಿದ್ದ ನಮಗೆ ಅದು ಬಾಯಿಪಾಠವಾಗಿತ್ತು. ಇಂದಿನ ಅನೇಕ ವಾದನಗಳಲ್ಲಿ ಆ ಕಂಪನ ಮೊದಲಿನಿಂದ ಕೊನೆಯವರೆಗೆ ಹೊಲಿಗೆ ಯಂತ್ರದಂತೆ ಒಂದೇ ವೇಗದಲ್ಲಿ ಓಡುತ್ತದೆ. ಸ್ವರಗಳೆಲ್ಲ ಇವೆ, ಹಕ್ಕಿ ಇಲ್ಲ.

ಫ್ರೆಂಚ್ ಸಂಗೀತದಲ್ಲಿ ಇನ್ನೊಂದು ತೊಡಕಿದೆ, ಅದನ್ನು ನಿಮ್ಮ ಲೇಖನ ಮುಟ್ಟಿಯೇ ಇಲ್ಲ. ಆ ಭಾಷೆಯ ಕಾಗುಣಿತ ಬಲ್ಲವರಿಗೆ, ಅಲ್ಲಿ ಬರೆಯುವುದೊಂದು ಉಚ್ಚರಿಸುವುದೊಂದು ಎಂಬುದು ಗೊತ್ತಿರುತ್ತದೆ. ಸಂಗೀತದಲ್ಲೂ ಹಾಗೆಯೇ ಎಂದು ಕೂಪೆರಾಂನೇ ಹೇಳಿದ್ದಾನೆ: ನಾವು ಬರೆಯುವುದಕ್ಕಿಂತ ಬೇರೆಯಾಗಿ ನುಡಿಸುತ್ತೇವೆ, ಇಟಲಿಯವರು ಯೋಚಿಸಿದ ಹಾಗೆಯೇ ಬರೆಯುತ್ತಾರೆ, ಅದಕ್ಕೇ ಹೊರನಾಡಿನವರು ನಮ್ಮ ಸಂಗೀತವನ್ನು ನುಡಿಸುವುದಕ್ಕಿಂತ ಅವರ ಸಂಗೀತವನ್ನು ನಾವು ಚೆನ್ನಾಗಿ ನುಡಿಸುತ್ತೇವೆ ಎಂಬುದು ಅವನ ಮಾತಿನ ಸಾರ. ಒಂದು ಮೆಟ್ಟಿಲಿನಿಂದ ಪಕ್ಕದ ಮೆಟ್ಟಿಲಿಗೆ ಸಾಗುವ, ಸಮಾನ ಅವಧಿಯವೆಂದು ಬರೆದ ಜೋಡಿ ಸ್ವರಗಳಲ್ಲಿ ಮೊದಲನೆಯದನ್ನು ತುಸು ಎಳೆದು ಎರಡನೆಯದನ್ನು ತುಸು ಮೊಟಕುಗೊಳಿಸುವುದು ಅಲ್ಲಿನ ರೂಢಿ. ಎಷ್ಟು ಎಳೆಯಬೇಕೆಂಬುದಕ್ಕೆ ಅಳತೆಯಿಲ್ಲ. ಕೃತಿಯ ಗತಿ, ಅದರ ಸ್ವಭಾವ, ವಾದಕನ ರುಚಿ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ. ಕಡಿಮೆಯಾದರೆ ಕಾಲೇಜು ಕವಾಯತು, ಹೆಚ್ಚಾದರೆ ಕುಂಟು ಕುದುರೆ. ಕಾಗದದಲ್ಲಿರುವುದನ್ನಷ್ಟೇ ನುಡಿಸುವುದು ಪ್ರಾಮಾಣಿಕತೆ ಎಂದು ನಂಬಿ ಬೆಳೆದ 20ನೇ ಶತಮಾನದ ವಾದಕರಿಗೆ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

‘ನಿಗೂಢ ಅಡ್ಡಗಟ್ಟೆಗಳು’ ಎಂಬ ಅರ್ಥದ, 1717ರಲ್ಲಿ ಪ್ರಕಟವಾದ ಎರಡನೆಯ ಸಂಪುಟದ ಪ್ರಸಿದ್ಧ ರಚನೆಯನ್ನು ನಿಮ್ಮ ಲೇಖಕರೂ ಹೆಸರಿಸಿದ್ದಾರೆ, ಪಿಯಾನೊದಲ್ಲಿ ಅದು ‘ಅರಳಿತು’ ಎಂದಿದ್ದಾರೆ. ಯಾವ ಅಡ್ಡಗಟ್ಟೆಗಳು, ಏನು ನಿಗೂಢ ಎಂಬುದಕ್ಕೆ ಕೂಪೆರಾಂ ವಿವರಣೆ ಕೊಟ್ಟಿಲ್ಲ. ಆಮೇಲಿನವರು ಕೊಟ್ಟಿರುವ ವಿವರಣೆಗಳಿಗೆ ಲೆಕ್ಕವಿಲ್ಲ. ಆ ರಚನೆಯಲ್ಲಿ ಎರಡೂ ಕೈಗಳು ಕೀಲಿಮಣೆಯ ಕೆಳಭಾಗದಲ್ಲಿಯೇ ಓಡಾಡುತ್ತವೆ. ಸ್ವರಗಳು ಒಟ್ಟಿಗೆ ಬೀಳದೆ ಒಂದರ ಹಿಂದೊಂದು ಮುರಿದು ಬರುತ್ತವೆ, ಬಂದದ್ದು ಮುಂದಿನ ಪೆಟ್ಟಿನ ಮೇಲೂ ಜಗ್ಗಿ ನಿಂತಿರುತ್ತದೆ. ಇದು ಲೂಟ್ ಎಂಬ ಹಳೆಯ ತಂತಿವಾದ್ಯದಿಂದ ಬಂದ ಕ್ರಮ. ಬೆರಳು ಕೀಲಿಯನ್ನು ಬಿಡದೆ ಹಿಡಿದಿರುವಷ್ಟು ಹೊತ್ತು ಆ ತಂತಿ ಮಾತ್ರ ಮೊರೆಯುತ್ತದೆ, ಬಿಟ್ಟ ತಂತಿ ಸುಮ್ಮನಾಗುತ್ತದೆ. ಹೀಗೆ ಯಾವ ಮೊರೆತ ಯಾವುದರ ಮೇಲೆ ಎಷ್ಟು ಹರಡಬೇಕೆಂಬುದನ್ನು ಹತ್ತು ಬೆರಳುಗಳು ಲೆಕ್ಕ ಹಾಕುತ್ತಿರುತ್ತವೆ. ಇಂದಿನ ಪಿಯಾನೊದ ದಪ್ಪ ಮಂದ್ರ ತಂತಿಗಳ ಮೇಲೆ, ಕಾಲೊತ್ತನ್ನೂ (ಪೆಡಲ್) ಬಳಸಿ ನುಡಿಸಿದಾಗ ಇದೆಲ್ಲ ಕಲಸಿ ಒಂದು ಮಂಜಾಗುತ್ತದೆ. ಮಂಜೂ ಸುಂದರವೇ, ಅಲ್ಲವೆನ್ನುವುದಿಲ್ಲ. ಇನ್ನೊಂದು ಮಾತು: ಕೂಪೆರಾಂ ಇದರ ತಲೆಯ ಮೇಲೆ ‘ಚುರುಕಾಗಿ’ ಎಂದು ಬರೆದಿದ್ದಾನೆ. ನಿದ್ದೆಗೆ ಜಾರುವಾಗ ಕೇಳುವ ಸಂಗೀತದ ಪಟ್ಟಿಗಳಲ್ಲಿ ಇದು ಸೇರಿಕೊಂಡ ಮೇಲೆ ಆ ಸೂಚನೆ ಯಾರಿಗೂ ಬೇಡವಾಗಿದೆ.

ಪಿಯಾನೊದವರ ಮೇಲೆ ನನಗೆ ಹಗೆಯಿಲ್ಲ. ಹಾರ್ಪ್ಸಿಕಾರ್ಡ್ ಮೂಲೆ ಸೇರಿದ್ದ ಕಾಲದಲ್ಲಿ ಈ ಸಂಗೀತವನ್ನು ಬದುಕಿಸಿದವರಲ್ಲಿ ಅವರೂ ಇದ್ದಾರೆ. ಕೂಪೆರಾಂನ ನಾಲ್ಕೂ ಸಂಪುಟಗಳನ್ನು 19ನೇ ಶತಮಾನದಲ್ಲಿ ಚಿಹ್ನೆಗಳ ಸಮೇತ ಸಂಪಾದಿಸಿಕೊಟ್ಟವರು ಜರ್ಮನಿಯ ರಚನಕಾರ ಬ್ರಾಮ್ಸ್ ಮತ್ತು ಸಂಗೀತ ವಿದ್ವಾಂಸ ಕ್ರಿಸಾಂಡರ್. ಕೂಪೆರಾಂನ ಕಿರಿಯ ಸಮಕಾಲೀನನಾದ ಫ್ರೆಂಚ್ ರಚನಕಾರ ರಾಮೊನ ಕೀಲಿಮಣೆ ಕೃತಿಗಳನ್ನು 1895ರಲ್ಲಿ ಮತ್ತೆ ಅಚ್ಚಿಗೆ ಸಿದ್ಧಪಡಿಸಿದವರು ರಚನಕಾರ ಸೇಂಟ್-ಸಾನ್ಸ್. ಮಾರ್ಸೆಲ್ ಮೇಯೆರ್ 20ನೇ ಶತಮಾನದ ನಡುವಿನಲ್ಲಿ ಪಿಯಾನೊದ ಮೇಲೆ ಧ್ವನಿಮುದ್ರಿಸಿದ ರಾಮೊ ಇಂದಿಗೂ ಹಳಸಿಲ್ಲ. ಗ್ರಿಗೊರಿ ಸೋಕೊಲೋವ್, ಅಲೆಕ್ಸಾಂದ್ರ್ ತಾರೊ ಇವರ ಬೆರಳುಗಳಲ್ಲಿ ಆ ಅಲಂಕಾರಗಳು ಕಿಡಿಯಂತೆ ಹೊಳೆಯುವುದನ್ನು ಕೇಳಿ ನಾನೂ ಬೆರಗಾಗಿದ್ದೇನೆ. ಗಮನಿಸಬೇಕಾದದ್ದೇನೆಂದರೆ ಇವರಲ್ಲಿ ಯಾರೂ ಕಸೂತಿಯನ್ನು ಬಿಚ್ಚಲಿಲ್ಲ. ಪಿಯಾನೊದ ಭಾರದ ಕೀಲಿಗಳ ಮೇಲೆ ಅದನ್ನು ಬಿಡದೆ ಹೆಣೆದದ್ದರಿಂದಲೇ ಅವರ ವಾದನ ನಿಂತಿದೆ.

ಹಾಗಿದ್ದರೂ ವಾದ್ಯ ಬದಲಾದಾಗ ಏನು ಕೈಬಿಡುತ್ತದೆ ಎಂಬುದನ್ನು ‘ಟಿಕ್-ಟಾಕ್-ಶಾಕ್’ ಎಂಬ 1722ರ ರಚನೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಇದನ್ನು ಎರಡು ಕೀಲಿಮಣೆಗಳ ಮೇಲೆ, ಒಂದು ಕೈ ಮೇಲಿನದರಲ್ಲಿ ಇನ್ನೊಂದು ಕೆಳಗಿನದರಲ್ಲಿ ನುಡಿಸಬೇಕು. ಎರಡೂ ಕೈ ಒಂದೇ ಸ್ವರಸ್ಥಾನಗಳಲ್ಲಿ ಓಡಾಡುತ್ತವೆ. ಒಂದು ಕೈ ಬಿಟ್ಟ ಸ್ವರವನ್ನು ಅದೇ ಕ್ಷಣ ಇನ್ನೊಂದು ಕೈ ಬೇರೆಯದೇ ತಂತಿಯ ಮೇಲೆ ಮೀಟುತ್ತದೆ, ಎರಡು ಸಾಲು ತಂತಿಗಳ ಬಣ್ಣ ಬೇರೆಬೇರೆಯಾದ್ದರಿಂದ ಗಡಿಯಾರಗಳೆರಡು ಪಂದ್ಯ ಕಟ್ಟಿದಂತೆ ಕೇಳುತ್ತದೆ. ಒಂದೇ ಕೀಲಿಮಣೆಯ ಪಿಯಾನೊದಲ್ಲಿ ಕೈಗಳು ಒಂದರ ಮೇಲೊಂದು ಹತ್ತಿ, ಒಂದು ಇನ್ನೂ ಬಿಡದ ಕೀಲಿಯನ್ನು ಇನ್ನೊಂದು ಹುಡುಕುತ್ತಿರುತ್ತದೆ. ಅದನ್ನು ಗೆದ್ದು ನುಡಿಸಿದರೆ ಸಭೆ ಎದ್ದು ಚಪ್ಪಾಳೆ ತಟ್ಟುತ್ತದೆ, ಆದರೆ ತಟ್ಟುವುದು ಸರ್ಕಸ್ಸಿಗೆ. ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ: ಕೂಪೆರಾಂ ಮಡಿವಂತನಲ್ಲ. ಒಂದೇ ಕೀಲಿಮಣೆಯ ವಾದ್ಯವಿದ್ದವರು ಇಂಥ ರಚನೆಗಳಲ್ಲಿ ಎಡಗೈಯ ಭಾಗವನ್ನು ಒಂದು ಸಪ್ತಕ ಕೆಳಗಿಳಿಸಿ ನುಡಿಸಬಹುದು, ಎರಡು ಕೊಳಲು ಅಥವಾ ಎರಡು ಪಿಟೀಲುಗಳಿಗೂ ಇವು ಒಗ್ಗುತ್ತವೆ ಎಂದು ಅವನೇ ಅದೇ ಮುನ್ನುಡಿಯಲ್ಲಿ ದಾರಿ ತೋರಿಸಿದ್ದಾನೆ. ಅಲಂಕಾರದ ವಿಷಯದಲ್ಲಿ ಅಷ್ಟು ಗದರಿದವನು ವಾದ್ಯದ ವಿಷಯದಲ್ಲಿ ಇಷ್ಟು ಸಡಿಲ ಬಿಟ್ಟಿದ್ದಾನೆ ಎಂಬುದೇ ಅವನಿಗೆ ಯಾವುದು ಮುಖ್ಯವಾಗಿತ್ತು ಎಂಬುದಕ್ಕೆ ಸಾಕ್ಷಿ.

ಪಿಯಾನೊ ಬಂದಿತು, ಹಾರ್ಪ್ಸಿಕಾರ್ಡ್ ಸೋತಿತು ಎಂಬ ಕಥೆಯೂ ಅಷ್ಟು ಸರಳವಲ್ಲ. ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ 1700ರ ಸುಮಾರಿಗೇ ಪುಟ್ಟ ಸುತ್ತಿಗೆಗಳಿಂದ ತಂತಿ ಬಡಿಯುವ ವಾದ್ಯವನ್ನು, ಅಂದರೆ ಪಿಯಾನೊವನ್ನು ಮಾಡಿದ್ದ. ಅದರ ನಂತರದ ಎಪ್ಪತ್ತು ವರ್ಷಗಳಲ್ಲಿಯೇ ಪ್ಯಾರಿಸ್ಸಿನ ಹಾರ್ಪ್ಸಿಕಾರ್ಡ್ ತನ್ನ ಉಚ್ಛ್ರಾಯವನ್ನು ಮುಟ್ಟಿದ್ದು. ಆಂಟ್ವರ್ಪಿನ ರುಕರ್ಸ್ ಮನೆತನ 17ನೇ ಶತಮಾನದಲ್ಲಿ ಮಾಡಿದ ವಾದ್ಯಗಳ ನಾದಫಲಕಕ್ಕೆ (ತಂತಿಯ ದನಿಯನ್ನು ಹಿಗ್ಗಿಸುವ ಮರದ ಹಲಗೆಗೆ) ಪ್ಯಾರಿಸ್ಸಿನಲ್ಲಿ ಎಷ್ಟು ಬೆಲೆಯಿತ್ತೆಂದರೆ, ಬ್ಲಾಂಶೆ, ತಾಸ್ಕಾಂ ಮೊದಲಾದ ಕುಶಲಿಗರು ಆ ಹಳೆಯ ವಾದ್ಯಗಳನ್ನು ಕೊಯ್ದು ಅಗಲಿಸಿ, ಹೊಸ ಕೀಲಿಮಣೆ ಕೂರಿಸಿ ಐದು ಸಪ್ತಕಕ್ಕೆ ಹಿಗ್ಗಿಸುತ್ತಿದ್ದರು. ಹೊಸ ವಾದ್ಯಕ್ಕೆ ರುಕರ್ಸ್ ಹೆಸರು ಬರೆದು ಮಾರಿದವರೂ ಇದ್ದರು. 1646ರಲ್ಲಿ ರುಕರ್ಸ್ ಮಾಡಿ 1780ರಲ್ಲಿ ತಾಸ್ಕಾಂ ಹಿಗ್ಗಿಸಿದ ಅಂಥದೊಂದು ವಾದ್ಯ ಪ್ಯಾರಿಸ್ಸಿನ ಸಂಗೀತ ಸಂಗ್ರಹಾಲಯದಲ್ಲಿದೆ. 1774ರಷ್ಟು ತಡವಾಗಿಯೂ ವಾಲ್ಟೇರ್ ಒಂದು ಕಾಗದದಲ್ಲಿ, ಹಾರ್ಪ್ಸಿಕಾರ್ಡಿನ ಮುಂದೆ ಪಿಯಾನೊ ಕಂಚುಗಾರನ ವಾದ್ಯ ಎಂದು ಮೂದಲಿಸಿದ್ದಾನೆ. ಆದರೂ ಕಾಲ ಬದಲಾಗುತ್ತಿತ್ತು. ತಾಸ್ಕಾಂ 1768ರ ಸುಮಾರಿಗೆ ಗರಿಯ ಜೊತೆಗೆ ಮೆತ್ತನೆಯ ಚರ್ಮದಿಂದ ಮೀಟುವ ಒಂದು ಸಾಲನ್ನೂ, ನುಡಿಸುತ್ತಲೇ ದನಿ ಬದಲಿಸಲು ಮೊಣಕಾಲಿನಿಂದ ತಳ್ಳುವ ಸನ್ನೆಗಳನ್ನೂ ಸೇರಿಸಿದ. ಕೊನೆಗೆ ಅವನೇ ಪಿಯಾನೊಗಳನ್ನೂ ಮಾಡಿದ. ಜೋರು-ಮೆಲುವಿನ ಹಂಬಲ ಆ ಹೊತ್ತಿಗೆ ಹುಟ್ಟಿತ್ತು ಎಂದು ಒಪ್ಪಬೇಕು. ಆದರೆ ಅದು ಕೂಪೆರಾಂ ಸತ್ತು ಮೂವತ್ತೈದು ವರ್ಷವಾದ ಮೇಲಿನ ಮಾತು, ಅವನ ಕೊರತೆಯಲ್ಲ.

ಕ್ರಾಂತಿಯ ಕಾಲದಲ್ಲಿ ಓಡಿಹೋದ ಶ್ರೀಮಂತರ ಮನೆಗಳಿಂದ ಈ ವಾದ್ಯಗಳನ್ನು ಜಪ್ತಿ ಮಾಡಲಾಯಿತು, ಎಷ್ಟೋ ಹಾಳಾದವು. ಮತ್ತೆ ಎದ್ದದ್ದು ಬೇರೆ ವೇಷದಲ್ಲಿ. ವಾಂಡಾ ಲಾಂಡೋವ್ಸ್ಕಾ ಅವರಿಗಾಗಿ ಪ್ಲೇಯೆಲ್ ಕಂಪನಿ 1912ರಲ್ಲಿ ಮಾಡಿಕೊಟ್ಟ ಹಾರ್ಪ್ಸಿಕಾರ್ಡಿಗೆ ಭಾರದ ಚೌಕಟ್ಟು, ಸಾಲು ಕಾಲೊತ್ತುಗಳು ಇದ್ದವು. ಅದು ಹೆಚ್ಚುಕಡಿಮೆ ಪಿಯಾನೊ ಮೈಯೊಳಗೆ ಗರಿ ಕೂರಿಸಿದ ಹಾಗಿತ್ತು. ಆ ಮಹಾನ್ ಕಲಾವಿದೆ ಇಲ್ಲದಿದ್ದರೆ ಜಗತ್ತು ಈ ವಾದ್ಯವನ್ನು ಮರೆತೇಬಿಡುತ್ತಿತ್ತೇನೊ, ಆದರೆ ‘ಹಾರ್ಪ್ಸಿಕಾರ್ಡ್ ಎಂದರೆ ಖಣಖಣ’ ಎಂಬ ಅಪವಾದಕ್ಕೂ ಅಂಥ ಭಾರದ ವಾದ್ಯಗಳೇ ಕಾರಣ. 20ನೇ ಶತಮಾನದ ನಡುವಿನಲ್ಲಿ ಬಾಸ್ಟನ್ನಿನ ಫ್ರಾಂಕ್ ಹಬರ್ಡ್ ಮತ್ತು ವಿಲಿಯಂ ಡೌಡ್, ಜರ್ಮನಿಯ ಮಾರ್ಟಿನ್ ಸ್ಕೊವ್ರೊನೆಕ್ ಮುಂತಾದವರು ಹಳೆಯ ವಾದ್ಯಗಳನ್ನು ಅಳೆದು ಹಗುರ ಮರದಲ್ಲಿ ಪ್ರತಿಗಳನ್ನು ಮಾಡತೊಡಗಿದ ಮೇಲೆ ಚಿತ್ರ ಬದಲಾಯಿತು. ಎಡಿನ್‌ಬರೋದಲ್ಲಿರುವ 1769ರ ತಾಸ್ಕಾಂ ವಾದ್ಯಕ್ಕೆ ಇಂದು ಎಷ್ಟು ಪ್ರತಿಗಳಿವೆಯೋ ಲೆಕ್ಕವಿಲ್ಲ. ಶ್ರುತಿಯೂ ಹಳೆಯ ಜಾಗಕ್ಕೆ ಇಳಿಯಿತು. ಶ್ರುತಿಸ್ವರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕದಲ್ಲಿ, ಇಂದಿನ ಪಿಯಾನೊದ 440ಕ್ಕೆ ಬದಲಾಗಿ ಫ್ರೆಂಚ್ ಸಂಗೀತಕ್ಕೆ 415, ಕೆಲವೊಮ್ಮೆ 392. ತಂತಿಗಳ ಬಿಗಿ ಕಡಿಮೆಯಾದಾಗ ಮಂದ್ರದಲ್ಲಿ ಬರುವ ಆ ಗಾಢತೆಯನ್ನು ಕೇಳಿಯೇ ಅರಿಯಬೇಕು. ಎಲ್ಲ ಅಂತರಗಳೂ ಸಮವಾಗಿರದ ಹಳೆಯ ಶ್ರುತಿಕ್ರಮದಲ್ಲಿ ಒಂದೊಂದು ಆಧಾರಸ್ವರಕ್ಕೂ ಒಂದೊಂದು ಮುಖವಿರುತ್ತದೆ, ಕೆಲವು ಸಿಹಿ, ಕೆಲವು ಒಗರು. ರಾಮೊ 1737ರ ಹೊತ್ತಿಗೆ ತನ್ನ ಹಿಂದಿನ ಅಭಿಪ್ರಾಯ ಬಿಟ್ಟು ಸಮಶ್ರುತಿಯ ಪರ ನಿಂತನೆಂಬುದೂ ನಿಜ. ಈ ಜಗಳ ಆಗಲೂ ಮುಗಿದಿರಲಿಲ್ಲ, ಈಗಲೂ ಮುಗಿದಿಲ್ಲ.

ಇಷ್ಟೆಲ್ಲ ಆದ ಮೇಲೂ ಇಂದಿನ ವಾದನದ ಬಗ್ಗೆ ನನ್ನ ತಕರಾರು ಒಂದಿದೆ, ಅದು ಹಾರ್ಪ್ಸಿಕಾರ್ಡಿನವರ ಮೇಲೆಯೇ. ಕೆನೆತ್ ಗಿಲ್ಬರ್ಟ್, ಗುಸ್ತಾವ್ ಲಿಯೊನ್‌ಹಾರ್ಟ್, 38ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಕೂಪೆರಾಂ ಮತ್ತು ರಾಮೊನ ಹಾರ್ಪ್ಸಿಕಾರ್ಡ್ ಸಂಗೀತವನ್ನೆಲ್ಲ ಧ್ವನಿಮುದ್ರಿಸಿದ ಸ್ಕಾಟ್ ರಾಸ್ ಇವರ ತಲೆಮಾರು ಕಟ್ಟಿಕೊಟ್ಟ ಸಂಯಮವನ್ನು ಈಗಿನ ಕೆಲವರು ವೇಗಕ್ಕೆ ಮಾರಿಕೊಳ್ಳುತ್ತಿದ್ದಾರೆ. ಪಾಂಕ್ರಾಸ್ ರುವಾಯೆ 1746ರಲ್ಲಿ ಪ್ರಕಟಿಸಿದ ‘ಸಿಥಿಯನ್ನರ ನಡೆ’ಯಂಥ ಗುಡುಗುಮಿಂಚಿನ ರಚನೆಗಳು ಇದಕ್ಕೆ ಒಳ್ಳೆಯ ನೆಪ. ಆ ರಚನೆ ಅಬ್ಬರಿಸಬೇಕಾದದ್ದೇ, ತಪ್ಪಿಲ್ಲ. ಆದರೆ ರಾಮೊನ ‘ಹೇಂಟೆ’ಯನ್ನೂ ಅದೇ ಅಬ್ಬರದಲ್ಲಿ ನುಡಿಸಿದರೆ, ಸ್ವರಗಳ ಕೆಳಗೆ ‘ಕೊ ಕೊ ಕೊ’ ಎಂದು ಅಕ್ಷರದಲ್ಲೇ ಬರೆದಿಟ್ಟ ಅವನ ಹಾಸ್ಯ ಎಲ್ಲಿ ಕೇಳಬೇಕು? ಹಲವು ವರ್ಷಗಳ ಹಿಂದೆ ಎರಡು ಸಾವಿರ ಆಸನಗಳ ಸಭಾಂಗಣವೊಂದರಲ್ಲಿ, ವಾದ್ಯದ ಹೊಟ್ಟೆಯೊಳಗೇ ಮೈಕು ಇಟ್ಟು ಕೂಪೆರಾಂ ನುಡಿಸಿದ ಕಛೇರಿಗೆ ಹೋಗಿದ್ದೆ. ಗರಿಯ ಚಟಪಟ, ಜ್ಯಾಕುಗಳ ಟಕಟಕ ಎಲ್ಲ ನೂರು ಪಾಲಾಗಿ ಹಿಗ್ಗಿ, ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಿತ್ತು. ಪಕ್ಕದಲ್ಲಿದ್ದವರು ಮಧ್ಯಂತರದಲ್ಲಿ ಎದ್ದು ಹೋಗುತ್ತಾ, ಇದಕ್ಕೇ ಪಿಯಾನೊ ಕಂಡುಹಿಡಿದದ್ದು ಎಂದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅಚ್ಚರಿಗೊಳಿಸುವುದಕ್ಕಿಂತ ಮನಸ್ಸನ್ನು ತಟ್ಟುವುದೇ ತನಗೆ ಹೆಚ್ಚು ಪ್ರಿಯವೆಂದು ಮೊದಲ ಸಂಪುಟದಲ್ಲಿಯೇ ಬರೆದವನ ಸಂಗೀತಕ್ಕೆ ಆ ಸಂಜೆ ಬಂದ ಗತಿ ಅದು. ವಾದಕರ ಮುಖ ಸೊಟ್ಟಗಾಗದಿರಲು ವಾದ್ಯದ ಮೇಲೆ ಕನ್ನಡಿ ಇಟ್ಟುಕೊಂಡು ಸಾಧನೆ ಮಾಡಿ ಎಂದು ಸಲಹೆ ಕೊಟ್ಟ ಮನುಷ್ಯ, ಹತ್ತಿಪ್ಪತ್ತು ಜನ ಕೂರುವ ಕೋಣೆಯನ್ನೇ ಕಣ್ಣ ಮುಂದಿಟ್ಟುಕೊಂಡಿದ್ದ ಎಂಬುದರಲ್ಲಿ ಸಂಶಯವಿಲ್ಲ.

ಕೊನೆಯದಾಗಿ, ಲೇಖನದಲ್ಲಿ ಹೆಸರೇ ಬಾರದ ಝಾಕ್ ಡ್ಯುಫ್ಲಿಯ ಬಗ್ಗೆ ಒಂದು ಮಾತು. 1744ರಿಂದ 1768ರ ನಡುವೆ ನಾಲ್ಕು ಸಂಪುಟ ಪ್ರಕಟಿಸಿದ, ಪ್ಯಾರಿಸ್ಸಿನ ಶ್ರೀಮಂತರ ಮನೆಗಳಲ್ಲಿ ಬೇಡಿಕೆಯಿದ್ದ ಮೇಷ್ಟರು ಆತ. ನಿಧಾನಗತಿಯ ಅವನ ರಚನೆಗಳಲ್ಲಿ, ವಾದ್ಯದ ನಡುಭಾಗದ ಬೆಚ್ಚನೆಯ ದನಿಯಲ್ಲೇ ಸುತ್ತಿ ಸುತ್ತಿ ಬರುವ ‘ಫೋರ್ಕ್‌ರೇ’ ಎಂಬುದನ್ನು ಕೇಳಿದವರು ಹಾರ್ಪ್ಸಿಕಾರ್ಡನ್ನು ಮೂಗಿ ಎನ್ನಲಾರರು. 1788ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಒಂದು ಪ್ರಕಟಣೆ ಬಂತು: ಹಿಂದೆ ಹಾರ್ಪ್ಸಿಕಾರ್ಡ್ ಪಾಠ ಹೇಳುತ್ತಿದ್ದ ಶ್ರೀ ಡ್ಯುಫ್ಲಿ ಏನಾದರು, ಬದುಕಿಲ್ಲದಿದ್ದರೆ ಅವರ ವಾರಸುದಾರರು ಯಾರು ಎಂದು ತಿಳಿಯಬೇಕಾಗಿದೆ ಎಂಬುದು ಅದರ ತಾತ್ಪರ್ಯ. ಡ್ಯುಫ್ಲಿ ಬದುಕಿಯೇ ಇದ್ದ, ಅದೇ ಪ್ಯಾರಿಸ್ಸಿನಲ್ಲಿ. ಮರುವರ್ಷ ಜುಲೈ 15ರಂದು, ಬಾಸ್ತೀಯ್ ಕೋಟೆ ಬಿದ್ದ ಮಾರನೆಯ ದಿನ, ತೀರಿಕೊಂಡ.

ಸರಣಿಯ ಮುಂದಿನ ಕಂತಿನಲ್ಲಿ ಲೇಖಕರು ಧ್ವನಿಮುದ್ರಿಕೆಗಳ ಪಟ್ಟಿ ಕೊಡುವುದಾಗಿ ಹೇಳಿದ್ದಾರೆ. ದಯವಿಟ್ಟು ಪ್ರತಿಯೊಂದರ ಮುಂದೆ ಯಾವ ವಾದ್ಯ, ಯಾವ ಶ್ರುತಿ ಎಂಬುದನ್ನೂ ನಮೂದಿಸಲು ಅವರನ್ನು ಕೇಳಿಕೊಳ್ಳುತ್ತೇನೆ. ಕೂಪೆರಾಂನ ಎಲ್ಲ ರಚನೆಗಳನ್ನೂ ಕೇಳಲು ಹತ್ತು ಗಂಟೆಗೂ ಹೆಚ್ಚು ಹೊತ್ತು ಬೇಕಾಗುವುದರಿಂದ ಮೊದಲ ಬಾರಿ ಕೇಳುವವರಿಗೆ ನಾಲ್ಕೈದು ರಚನೆ ಸಾಕು. ಜೊತೆಗೆ ಒಂದು ಸಣ್ಣ ಸೂಚನೆಯನ್ನೂ ಸೇರಿಸಿದರೆ ಉಪಕಾರವಾಗುತ್ತದೆ. ಈ ಮುದ್ರಿಕೆಗಳಲ್ಲಿ ಹೆಚ್ಚಿನವು ವಾದ್ಯದ ತೀರ ಹತ್ತಿರ ಮೈಕು ಇಟ್ಟು ಮಾಡಿದಂಥವು, ಪಿಯಾನೊ ಕೇಳುವ ಪ್ರಮಾಣದಲ್ಲಿ ಕೇಳಿದರೆ ತಲೆ ನೋಯುತ್ತದೆ. ದನಿಯ ಗುಂಡಿಯನ್ನು, ಕೋಣೆಯಲ್ಲಿ ಇಬ್ಬರು ಮಾತಾಡುತ್ತಿದ್ದರೆ ಎಷ್ಟು ಕೇಳುತ್ತದೋ ಅಷ್ಟಕ್ಕೆ ಇಳಿಸಿ, ಕಿಟಕಿ ಮುಚ್ಚಿ ಕುಳಿತುಕೊಳ್ಳಬೇಕು.

ಇಂತು,
ತಮ್ಮ ಪತ್ರಿಕೆಯ ಹಳೆಯ ಓದುಗ